ರೇತಿ ನೆಲದಲ್ಲಿ ಇಪ್ಪತ್ಮೂರು ಅಡಿಯ ಪೈಪು ಬಾವಿ

ಉತ್ತರ ಕನ್ನಡದ ಮಾಜಾಳಿಯಿಂದ ಭಟ್ಕಳದವರೆಗೆ ಕಡಲಿಗೆ ಅಂಟಿಕೊಂಡ ರೇತಿಪಟ್ಟಿಯಲ್ಲಿ ಮನೆ ಇದ್ದವರು ನೀರಿಗಾಗಿ ಬೋರ್‌ವೆಲ್ ಲಾರಿ ಕರೆಸುವುದನ್ನು ಕಂಡರೆ ಸಂಕಟವಾಗುತ್ತದೆ. ಮೇ ತಿಂಗಳಲ್ಲೂ ಹತ್ತು ಅಡಿಯ ಆಚೀಚೆ ಸಿಹಿನೀರು ಸಿಗುವ ನೆಲ ಅದು. ನಾಲ್ಕು ಜನ, ಎರಡು ದಿನ, ಒಂದು ಕೈಬೈರಿಗೆ, ನಾಲ್ಕು ಪೈಪು ಇದ್ದರೆ ಮನೆಗೆ ಸಾಲುವ ಬಾವಿ ಆಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಆ ನೆಲದಲ್ಲಿ ಆಳಕ್ಕೆ ಹೋದಷ್ಟೂ ಕೆಡುಕು.

ಕಾರಣ ಇಷ್ಟು. ರೇತಿಯ ಕೆಳಗೆ ಕಡಲಿನ ಉಪ್ಪುನೀರು ಒಳಗೆ ಚಾಚಿಕೊಂಡಿದೆ. ಮಳೆಯ ಸಿಹಿನೀರು ಅದರ ಮೇಲೆ ತೇಲಿಕೊಂಡಿರುತ್ತದೆ, ಹಾಲಿನ ಮೇಲೆ ಕೆನೆ ಇದ್ದ ಹಾಗೆ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಮಾತ್ರ ಭಾರ. ಹಾಗಾಗಿ ಸಿಹಿನೀರಿನ ಮಟ್ಟ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಅದು ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪನ್ನು ತಳ್ಳಿ ಹಿಡಿದಿರುತ್ತದೆ. ಡಚ್ಚರ ಬಾದೊನ್ ಗೈಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಇದನ್ನೇ ತಿರುಗಿಸಿ ಓದಿ ನೋಡಿ: ಪಂಪು ಹಾಕಿ ಬಾವಿಯ ಮಟ್ಟವನ್ನು ಅರ್ಧ ಅಡಿ ಇಳಿಸಿ ಹಾಗೇ ದಿನಗಟ್ಟಲೆ ಇಟ್ಟರೆ, ಕೆಳಗಿನ ಉಪ್ಪು 20 ಅಡಿ ಮೇಲೇರಲು ದಾರಿ ಮಾಡಿಕೊಟ್ಟಂತೆ. ಒಮ್ಮೆ ಏರಿದ ಉಪ್ಪು ಮುಂದಿನ ಮಳೆಗಾಲದವರೆಗೂ ಇಳಿಯದೆ ಇರಬಹುದು. ಪೈಪಿನ ಗಾತ್ರ, ನೀರು ಒಳಬರಲು ಅದಕ್ಕೆ ಹಾಕುವ ಸೀಳಿನ ಲೆಕ್ಕ, ಪಂಪಿನ ವೇಗ, ಕೆಳಗೆ ಬರೆದ ಎಲ್ಲವೂ ಈ ಒಂದು ವಿಷಯದ ಸುತ್ತಲೇ ಇದೆ.

ಮೊದಲು ಎಲ್ಲಿ ಆಗುವುದಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ಶಿರಸಿ, ಸಿದ್ದಾಪುರದ ಕಡೆ ಇದು ನಡೆಯುವ ಕೆಲಸವಲ್ಲ. ಅಲ್ಲಿ ಮೇಲೆ ಚಿರೆಕಲ್ಲು, ಕೆಳಗೆ ಶೇಡಿ ಅನ್ನುವ ಬಿಳಿಚು ಜಿಗುಟು ಮಣ್ಣು. ಚಿರೆಕಲ್ಲಿಗೆ ಕೈಬೈರಿಗೆ ಕಚ್ಚುವುದಿಲ್ಲ. ಶೇಡಿ ಮಣ್ಣಿನ ಹೊಟ್ಟೆಯಲ್ಲಿ ನೀರಿದ್ದರೂ ಅದು ಬಿಟ್ಟುಕೊಡುವುದು ಬಹಳ ನಿಧಾನ. ಆರಡಿ ಅಗಲದ ತೆರೆದ ಬಾವಿ ಅಲ್ಲಿ ಸರಿಹೋಗುವುದು ಇದೇ ಕಾರಣಕ್ಕೆ: ರಾತ್ರಿಯಿಡೀ ಒಸರಿದ ನೀರನ್ನು ಅದು ಕೂಡಿಟ್ಟುಕೊಳ್ಳುತ್ತದೆ. ಅಷ್ಟು ಅಗಲದ ಬಾವಿಯಲ್ಲಿ ಒಂದು ಅಡಿ ನೀರು ನಿಂತರೆ ಸುಮಾರು 800 ಲೀಟರ್. ನಾಲ್ಕಿಂಚಿನ ಪೈಪಿನಲ್ಲಿ ಒಂದು ಅಡಿ ನಿಂತರೆ ಎರಡೂವರೆ ಲೀಟರ್. ಪೈಪು ಬಾವಿಗೆ ಕೂಡಿಡುವ ಶಕ್ತಿಯೇ ಇಲ್ಲ, ಆದ್ದರಿಂದ ಕೇಳಿದ ಕೂಡಲೇ ನೀರು ಕೊಡುವ ನೆಲ ಬೇಕು. ಅಂಥ ನೆಲ ರೇತಿಯದು. ಉಪ್ಪುನೀರು ಹತ್ತುವ ಗಜನಿ ಗದ್ದೆಯ ಅಂಚು, ಅಳಿವೆಯ ಕೆಸರು ನೆಲವನ್ನೂ ಬಿಟ್ಟುಬಿಡಿ. ಅಲ್ಲಿ ನೀರು ಬೇಗ ಸಿಕ್ಕರೂ ಬಾಯಿಗೆ ಇಡಲಾಗದು.

ಜಾಗ ಆರಿಸುವಾಗ ರೇತಿದಿಬ್ಬದ ನೆತ್ತಿ ನೋಡಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಕಾರವಾರದ ದೇವಬಾಗದಂಥ ನೆಲದಲ್ಲಿ ಸಿಹಿನೀರಿನ ಪದರ ನಡುವೆ ದಪ್ಪ, ಎರಡೂ ಅಂಚಿಗೆ ತೆಳು. ಅಕ್ಕಪಕ್ಕದ ತೆರೆದ ಬಾವಿಗಳನ್ನು ಮೇ ಎರಡನೇ ವಾರದಲ್ಲಿ ಇಣುಕಿ, ಮಟ್ಟ ಅಳೆದು, ನೀರು ನಾಲಿಗೆಗೆ ಹಚ್ಚಿ ನೋಡಿ. ಅದಕ್ಕಿಂತ ಒಳ್ಳೆಯ ಸಮೀಕ್ಷೆ ಬೇರೆ ಇಲ್ಲ. ಶೌಚದ ಗುಂಡಿಯಿಂದ 50 ಅಡಿ ದೂರ ಅನ್ನುವುದು ರೂಢಿಯ ಲೆಕ್ಕ. ರೇತಿಯಲ್ಲಿ ನೀರು ಬೇಗ ಹರಿಯುವುದರಿಂದ ನೂರು ಅಡಿ ಸಿಕ್ಕರೆ ಬಿಡಬೇಡಿ. ನೆಲದಡಿಯ ನೀರು ಸಾಮಾನ್ಯವಾಗಿ ಪಡುವಣಕ್ಕೆ, ಕಡಲಿನತ್ತ ಸಾಗುತ್ತದೆ. ಆದ್ದರಿಂದ ಬಾವಿ ಗುಂಡಿಗಿಂತ ಮೂಡಣಕ್ಕಿರಲಿ. ಪಕ್ಕದ ಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅದನ್ನೇ ಹೆಚ್ಚಿನವರು ಮರೆಯುವುದು.

ಕಾನೂನಿನ ಮಾತೂ ಇದೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ನೀರು ಮುಟ್ಟುವ ಗಡಿಯಾದ ಭರತರೇಖೆಯಿಂದ 200 ಮೀಟರಿನೊಳಗೆ ಅಂತರ್ಜಲ ಎತ್ತುವುದನ್ನು ತಡೆದು, ಸ್ಥಳೀಯರು ವಾಸಿಸುವ ಕಡೆ ಅವರ ಸ್ವಂತ ಬಳಕೆಗೆ ಮಾತ್ರ ವಿನಾಯಿತಿ ಕೊಟ್ಟಿತು. 2019ರಲ್ಲಿ ಹೊಸ ಅಧಿಸೂಚನೆ ಬಂದಿದೆ. ಕೊರೆಯುವ ಮೊದಲು ಗ್ರಾಮ ಪಂಚಾಯತದಲ್ಲಿ ಕೇಳಿಯೇ ಮುಂದುವರಿಯಿರಿ.

ಕೊರೆಯಲು ಹೊತ್ತು ಏಪ್ರಿಲ್ ಕೊನೆಯಿಂದ ಮೇ ಕೊನೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರು ನಮ್ಮದು. ಆಗಸ್ಟಿನಲ್ಲಿ ನಾಲ್ಕಡಿಗೇ ನೀರು ಕಂಡು ಹತ್ತಡಿಗೆ ನಿಲ್ಲಿಸಿದ ಬಾವಿ ಮಾರ್ಚಿಗೆ ಒಣಗುತ್ತದೆ.

ಈಗ ಸಾಮಾನು. ಕೊರೆಯುವಾಗ ರೇತಿ ಕುಸಿಯದಂತೆ ಹಿಡಿಯುವ ಹೊರಪೈಪು 160 ಮಿ.ಮೀ. ಪಿವಿಸಿ, ಒಟ್ಟು 25 ಅಡಿ. ಸೀಳು ಹಾಕಿ ಅದರೊಳಗೆ ನಿಲ್ಲಿಸುವ ಒಳಪೈಪು 110 ಮಿ.ಮೀ., 24 ಅಡಿ. ಎಂಟಿಂಚು ಅಗಲದ ಕೈಬೈರಿಗೆ, ಅದಕ್ಕೆ ಮುಕ್ಕಾಲಿಂಚಿನ ಜಿಐ ಪೈಪಿನ ಐದೈದು ಅಡಿಯ ತುಂಡುಗಳು, ಮೇಲೆ ಅಡ್ಡ ಹಿಡಿಕೆ. ಗಾಳಿಮರದ ಹದಿನೈದು ಅಡಿಯ ಮೂರು ಗಳ, ಗಡಗಡೆ, ನೈಲಾನ್ ಹಗ್ಗ. ಹೊರಪೈಪು ಹಿಡಿಯಲು ಎರಡು ಮರದ ದಿಮ್ಮಿಯನ್ನು ಬೋಲ್ಟಿನಿಂದ ಬಿಗಿಯುವ ಕ್ಲಾಂಪು. ಎರಡು ಜಾಕಿ. ಒಳಪೈಪಿನ ಸುತ್ತ ತುಂಬಲು ಐವತ್ತು ಲೀಟರಿನಷ್ಟು ಸಣ್ಣ ಹರಳು.

ಇದರ ಜೊತೆ ರೇತಿ ಎತ್ತುವ ಕೊಳವೆ, ಬೋರಿನವರು ಬೇಲರ್ ಅನ್ನುವುದು. ಮೂರಿಂಚಿನ ಜಿಐ ಪೈಪು, ಮೂರೂಕಾಲು ಅಡಿ ಉದ್ದ. ತಳದಲ್ಲಿ ದುಂಡಗಿನ ತೂತಿನ ಕಬ್ಬಿಣದ ತಟ್ಟೆ, ಅದರ ಮೇಲೆ ಲಾರಿ ಟ್ಯೂಬಿನ ರಬ್ಬರಿನ ಮುಚ್ಚಳ, ಒಂದು ಬದಿಗೆ ಮಾತ್ರ ಬಿಗಿದದ್ದು. ರಬ್ಬರಿನ ಬೆನ್ನಿಗೆ ಒಂದು ವಾಷರ್ ಕೂರಿಸಿದರೆ ಮುಚ್ಚಳ ಮಡಚಿಕೊಳ್ಳುವುದಿಲ್ಲ. ಕೆಳಕ್ಕೆ ಬಿಟ್ಟಾಗ ಮುಚ್ಚಳ ತೆರೆದು ನೀರು, ರೇತಿ ಒಳಗೆ ಬರುತ್ತವೆ, ಎತ್ತಿದಾಗ ಮುಚ್ಚಿಕೊಳ್ಳುತ್ತದೆ. ಕೊಳವೆಯ ತೂಕವೇ ಎಂಟು ಕಿಲೋ, ತುಂಬಿ ಬಂದಾಗ ಹದಿನೈದು ಕಿಲೋ ಮೀರುತ್ತದೆ. ಗಡಗಡೆ ಇಲ್ಲದೆ ಎತ್ತಹೊರಟರೆ ಮಧ್ಯಾಹ್ನದೊಳಗೆ ಸೊಂಟ ಹಿಡಿಯುತ್ತದೆ.

ಹೊರಪೈಪಿನ ತುಂಡು ಮಾಡುವ ಲೆಕ್ಕ ಗಮನಿಸಿ. 20 ಅಡಿಯ ಪೈಪನ್ನು 13 ಮತ್ತು 7 ಅಡಿ ಮಾಡಿ, ಇನ್ನೊಂದು ಪೈಪಿನಿಂದ 5 ಅಡಿ ತೆಗೆದುಕೊಳ್ಳಿ. ಮೊದಲು ಇಳಿಯುವುದು 13 ಅಡಿಯ ತುಂಡು. ಬೈರಿಗೆಯಿಂದ ಕೊರೆಯುವುದು ನೀರು ಸಿಗುವ ಹತ್ತು ಅಡಿಯವರೆಗೆ ಮಾತ್ರ. ಮುಂದೆ ಪೈಪಿನ ತುದಿ 23 ಅಡಿ ಮುಟ್ಟಿದಾಗ ಮೊದಲ ಕಪ್ಲಿಂಗ್ ಸರಿಯಾಗಿ ಹತ್ತು ಅಡಿಗೆ ಬಂದು ನಿಲ್ಲುತ್ತದೆ. ಅಂದರೆ ದಪ್ಪನೆಯ ಕಪ್ಲಿಂಗ್ ಒದ್ದೆ ರೇತಿಯೊಳಗೆ ಇಳಿಯುವುದೇ ಇಲ್ಲ. ತುಂಡುಗಳನ್ನು ಸಮಸಮ ಕತ್ತರಿಸಿದವರ ಪೈಪು ಹದಿನೆಂಟು ಅಡಿಗೆ ಕಚ್ಚಿಕೊಂಡು ಕೂರುವುದಕ್ಕೆ ಹಲವು ಬಾರಿ ಇದೇ ಕಾರಣ. ಪೈಪಿನ ಕೆಳಬಾಯಿಗೆ ಗರಗಸದಂತೆ ಹಲ್ಲು ಮಾಡಿ, ಒಳಬದಿಯನ್ನು ಅರದಿಂದ ಓರೆಯಾಗಿ ಕೆರೆಯಿರಿ. ಹೊರಬದಿ ನೆಟ್ಟಗಿರಲಿ. ಆಗ ರೇತಿ ಒಳಕ್ಕೆ ಬೀಳುತ್ತದೆ, ಪೈಪು ಕೆಳಕ್ಕೆ ಜಾರುತ್ತದೆ.

ಬೈರಿಗೆ ಕೆಲಸ ಬೇಗ ಮುಗಿಯುತ್ತದೆ. ರೇತಿ ಒಣಗಿದ್ದರೆ ಬೈರಿಗೆಯಲ್ಲಿ ನಿಲ್ಲದೆ ಸೋರಿಹೋಗುತ್ತದೆ. ಒಂದೆರಡು ಕೊಡಪಾನ ನೀರು ಹೊಯ್ದು ಹಸಿ ಮಾಡಿಕೊಂಡರೆ ಗೋಡೆಯೂ ನಿಲ್ಲುತ್ತದೆ. ಪ್ರತಿ ಎರಡು ಅಡಿಗೆ ಬಂದ ಮಣ್ಣನ್ನು ಅಡಿಕೆ ಹಾಳೆಯ ಮೇಲೆ ಸಾಲಾಗಿ ಗುಪ್ಪೆ ಹಾಕಿ, ಆಳ ಬರೆದಿಡಿ. ಹಳದಿ ಬಿಳಿ ಒರಟು ರೇತಿ ಒಳ್ಳೆಯ ಸುದ್ದಿ. ಕಪ್ಪೆಚಿಪ್ಪಿನ ಚೂರು ಬಂದರೂ ಚಿಂತೆಯಿಲ್ಲ. ಕಪ್ಪು ಜಿಗುಟು ಕೆಸರು, ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಅಲ್ಲಿಗೆ ನಿಲ್ಲಿಸಿ. ಅದು ಹಳೆಯ ಅಳಿವೆಯ ತಳ. ಅದರ ಮೇಲಿನ ರೇತಿಯಲ್ಲಿ ಎಂಟು ಹತ್ತು ಅಡಿ ನೀರು ನಿಂತಿದ್ದರೆ ಬಾವಿಯನ್ನು ಅಲ್ಲಿಗೇ ಗಿಡ್ಡ ಮಾಡಿಕೊಳ್ಳಿ, ಇಲ್ಲದಿದ್ದರೆ ಜಾಗ ಬದಲಿಸಿ. ಇನ್ನೊಂದು ಮಾತು, ಆಳ ಉಳಿಸಲೆಂದು ಮೊದಲು ದೊಡ್ಡ ಗುಂಡಿ ತೋಡಿ ಅದರೊಳಗೆ ನಿಂತು ಕೊರೆಯಬೇಡಿ. ಎದೆಮಟ್ಟದ ರೇತಿ ಗುಂಡಿ ಕುಸಿದರೆ ಮನುಷ್ಯ ಉಸಿರು ಕಟ್ಟಿ ಸಾಯುತ್ತಾನೆ. ಗಳ ನಿಲ್ಲಿಸುವ ಮುಂಚೆ ತಲೆಯ ಮೇಲೆ ಕರೆಂಟಿನ ತಂತಿ ಇದೆಯೇ ಎಂದೂ ನೋಡಿ.

ನಿಜವಾದ ಕೆಲಸ ಶುರುವಾಗುವುದು ನೀರು ಸಿಕ್ಕ ಮೇಲೆ. ಬೈರಿಗೆ ಎತ್ತಿದಷ್ಟೂ ರೇತಿ ಮತ್ತೆ ಬಂದು ತುಂಬುತ್ತದೆ. ಅಲ್ಲಿ ಬೈರಿಗೆ ಬಿಟ್ಟು ಹೊರಪೈಪು ಇಳಿಸಿ, ಕೊಳವೆಯನ್ನು ಒಳಗೆ ಬಿಡಿ. ತಳದಲ್ಲಿ ಅರ್ಧ ಅಡಿ ಎತ್ತಿ ಎತ್ತಿ ಬಿಟ್ಟು, ತುಂಬಿತೆಂದು ಹಗ್ಗದ ಭಾರದಲ್ಲಿ ಗೊತ್ತಾದಾಗ ಮೇಲಕ್ಕೆ ತನ್ನಿ. ಕ್ಲಾಂಪಿನ ಮೇಲೆ ಇಬ್ಬರು ನಿಂತು ಪೈಪನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಇದ್ದರೆ ತಾನಾಗಿ ಇಳಿಯುತ್ತದೆ. ಸುತ್ತಿಗೆಯಿಂದ ಬಡಿಯಬೇಡಿ, ಪಿವಿಸಿ ಸೀಳುತ್ತದೆ.

ಎಲ್ಲರೂ ಎಡವುವುದು ಇಲ್ಲಿ: ಕೊಳವೆಯನ್ನು ರಭಸದಿಂದ ಎಳೆದರೆ ಅದು ಪಿಸ್ಟನ್ನಿನ ಹಾಗೆ ಕೆಳಗಿನ ರೇತಿಯನ್ನೂ ಹೀರುತ್ತದೆ. ಪೈಪಿನೊಳಗೆ ರೇತಿ ಉಕ್ಕಿ ಎರಡು ಮೂರು ಅಡಿ ಏರುತ್ತದೆ, ಪೈಪು ಮಾತ್ರ ಇಳಿದಿರುವುದಿಲ್ಲ. ಕಣ್ಣಿಗೆ ಕಾಣದ ಈ ತೊಂದರೆಯನ್ನು ಎಣಿಕೆಯಿಂದ ಹಿಡಿಯಬಹುದು. ಹೊರಪೈಪು ಒಂದು ಅಡಿ ಇಳಿದರೆ ಅಲ್ಲಿದ್ದ ರೇತಿ ಆರು ಲೀಟರ್. ಕೊಳವೆಯೊಂದಕ್ಕೆ ಒಂದು ಲೀಟರಿನ ಮೇಲೆ ರೇತಿ ಬರುತ್ತದೆ ಎಂದರೆ, ಅಡಿಗೆ ಐದಾರು ಬಾರಿ ಎತ್ತಿದರೆ ಸಾಕು. ಹದಿನೈದು ಬಾರಿ ಎತ್ತಿಯೂ ಅಡಿ ಇಳಿಯದಿದ್ದರೆ ಹೊರಗಿನ ರೇತಿ ಒಳಗೆ ಹರಿದು ಬರುತ್ತಿದೆ. ಮುಂದುವರಿದರೆ ಪೈಪಿನ ಸುತ್ತ ಪೊಳ್ಳಾಗಿ ನೆಲ ಕುಸಿಯುತ್ತದೆ. ಮದ್ದು ಸುಲಭ. ಪೈಪಿನ ಒಳಗಿನ ನೀರು ಹೊರಗಿನ ಮಟ್ಟಕ್ಕಿಂತ ಸದಾ ಮೂರು ನಾಲ್ಕು ಅಡಿ ಮೇಲಿರುವಂತೆ ಬಕೆಟ್ಟಿನಿಂದ ಹೊಯ್ಯುತ್ತಲೇ ಇರಿ. ಒಳಗಿನ ನೀರಿನ ಒತ್ತಡವೇ ರೇತಿಯನ್ನು ಕೆಳಗೆ ಹಿಡಿದು ಕೂರಿಸುತ್ತದೆ. ಕೊಳವೆಯನ್ನು ಮೊದಲ ಎರಡಡಿ ಮೆಲ್ಲಗೆ ಎತ್ತಿ. ಹದಿಮೂರು ಅಡಿಗೆ ಎಂಬತ್ತರ ಆಸುಪಾಸು ಬಾರಿ ಎತ್ತಿದರೆ ಕೆಲಸ ಸರಿಯಾಗಿದೆ ಎಂದೇ ಅರ್ಥ.

ಜೋಡಣೆಗೆ ಸೊಲ್ಯೂಷನ್ ಹಚ್ಚಿದ ಮೇಲೆ ಅರ್ಧ ಗಂಟೆಯಾದರೂ ಒಣಗಬೇಕು. ಆ ಹೊತ್ತಿನಲ್ಲಿ ರೇತಿ ಪೈಪನ್ನು ಕಚ್ಚುತ್ತದೆ. ಕೆಲಸ ಮತ್ತೆ ಹಿಡಿದಾಗ ಕ್ಲಾಂಪು ತಿರುಗಿಸಿ ಕಚ್ಚು ಬಿಡಿಸಿಯೇ ಕೊಳವೆ ಹಾಕಿ. ಭದ್ರತೆಗೆ ಸ್ಕ್ರೂ ಹೊಡೆಯುವುದಾದರೆ ತುದಿ ಒಳಗೆ ಚಾಚದಿರಲಿ, ಕೊಳವೆ ಅದಕ್ಕೇ ಸಿಕ್ಕಿಬೀಳುತ್ತದೆ. ಕೆಲಸದ ನಡುವೆ ರಾತ್ರಿ ಬಂದರೆ ಬಾಯಿಗೆ ಕಲ್ಲು ಹೇರಿದ ಹಲಗೆ ಮುಚ್ಚಿ. ಮಕ್ಕಳು, ಕರುಗಳು ಓಡಾಡುವ ಹಿತ್ತಲು ಅದು.

ಇಳಿಯುತ್ತಾ ಎರಡೆರಡು ಅಡಿಗೆ ನೀರಿನ ಉಪ್ಪನ್ನು ಟಿಡಿಎಸ್ ಮೀಟರಿನಿಂದ ನೋಡಿ. ಹೊಯ್ದ ನೀರು ಬೆರೆತಿರುವುದರಿಂದ ಹತ್ತಿಪ್ಪತ್ತು ಕೊಳವೆ ಬರೀ ನೀರು ಎತ್ತಿ, ಆಮೇಲೆ ಬಂದದ್ದನ್ನು ಅಳೆಯಬೇಕು. ಒಂದೇ ತೆರನಾಗಿ ಬರುತ್ತಿದ್ದ ಅಂಕಿ ಫಕ್ಕನೆ ಎರಡು ಮೂರು ಪಟ್ಟಾದರೆ ಅಲ್ಲಿ ಮುಗಿಯಿತು. ಇಪ್ಪತ್ಮೂರು ಅಡಿ ಮುಟ್ಟಿಲ್ಲವೆಂದು ಹಟ ಮಾಡಬೇಡಿ. ಪೈಪನ್ನು ಮೂರು ನಾಲ್ಕಡಿ ಮೇಲೆತ್ತಿ, ಕೆಳಗಿನ ತೂತಿಗೆ ಜೇಡಿಮಣ್ಣಿನ ಉಂಡೆ ಹಾಕಿ ಗುದ್ದಿ ಮುಚ್ಚಿ, ಅದರ ಮೇಲೆ ಬಾವಿ ಕಟ್ಟಿ.

ಒಳಪೈಪನ್ನು ಮನೆಯ ಜಗಲಿಯಲ್ಲಿ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬೇಕು. ತಳಕ್ಕೆ ಎಂಡ್ ಕ್ಯಾಪ್, ಅದರ ಮೇಲೆ ಒಂದು ಅಡಿ ಸೀಳಿಲ್ಲದ ಭಾಗ, ಅಲ್ಲಿ ನುಸುಳಿ ಬಂದ ರೇತಿ ಕೂರುತ್ತದೆ. ಅದರ ಮೇಲೆ ಆರಡಿ ಸೀಳು, ಉಳಿದದ್ದು ಇಡಿ ಪೈಪು. ಸೀಳಿಗೆ ಹ್ಯಾಕ್ಸಾ ಬ್ಲೇಡು ಸಾಕು, ಮುಕ್ಕಾಲರಿಂದ ಒಂದು ಮಿಲಿಮೀಟರ್ ಅಗಲ ಬೀಳುತ್ತದೆ. ಸುತ್ತಲೂ ಮೂರು ಸೀಳು, ಒಂದೊಂದು ಐದು ಸೆಂಟಿಮೀಟರ್ ಉದ್ದ, ನಡುವೆ ಇಡಿ ಪಟ್ಟಿ ಉಳಿಯಲಿ. ಸೆಂಟಿಮೀಟರಿಗೆ ಒಂದು ಸುತ್ತು. ಅಡಿಗೆ ತೊಂಬತ್ತು, ಆರಡಿಗೆ ಐನೂರ ನಲವತ್ತು ಸೀಳು. ಬೇಸರದ ಕೆಲಸ, ಇಡೀ ದಿನ ಹಿಡಿಯುತ್ತದೆ. ಆದರೆ ಡ್ರಿಲ್ ಮಷಿನ್ನಿನಿಂದ ಐದು ಮಿ.ಮೀ. ತೂತು ಹೊಡೆದು ಸೊಳ್ಳೆಪರದೆ ಸುತ್ತುವ ಅಡ್ಡದಾರಿ ಹಿಡಿಯಬೇಡಿ. ಪರದೆ ಇಳಿಸುವಾಗ ಹರಿದರೆ ಒಂದೇ ವರ್ಷದಲ್ಲಿ ಬಾವಿ ರೇತಿ ತುಂಬುತ್ತದೆ, ಹರಿಯದಿದ್ದರೆ ಪರದೆಯ ಕಣ್ಣೇ ಕಟ್ಟಿಕೊಳ್ಳುತ್ತದೆ. ಐನೂರ ನಲವತ್ತು ಸೀಳು ಸೇರಿ 216 ಚದರ ಸೆಂಟಿಮೀಟರ್ ಬಾಯಿ. ಅರ್ಧ ಹರಳಿನಿಂದ ಮುಚ್ಚಿತೆಂದು ಹಿಡಿದು, ನೀರು ಸೆಕೆಂಡಿಗೆ ಮೂರು ಸೆಂಟಿಮೀಟರಿಗಿಂತ ಜೋರಾಗಿ ನುಗ್ಗಬಾರದು ಎಂದು ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 20 ಲೀಟರ್. ಈ ಬಾವಿಯ ಯೋಗ್ಯತೆ ಅಷ್ಟು, ಮನೆಗೆ ಬೇಕಾದದ್ದೂ ಅಷ್ಟೇ.

ಹರಳು ಹೊಳೆಯದ್ದಿರಲಿ, ದುಂಡಗಿರಲಿ. ಕಡಲಂಚಿನ ರೇತಿ 0.3 ಮಿ.ಮೀ. ಆಸುಪಾಸು ಇದ್ದರೆ ಹರಳು ಅದರ ಐದಾರು ಪಟ್ಟು, ಒಂದೂವರೆಯಿಂದ ಎರಡು ಮಿಲಿಮೀಟರ್. ಚಿರೆಕಲ್ಲಿನ ಚೂರು ಬೇಡ, ಅದು ಪುಡಿಯಾಗಿ ನೀರನ್ನು ಕೆಂಪು ಮಾಡುತ್ತದೆ. ಜರಡಿ ಹಿಡಿದು, ಮಣ್ಣು ಬಿಡುವವರೆಗೆ ತೊಳೆದು ಇಟ್ಟುಕೊಳ್ಳಿ.

ತಳಕ್ಕೆ ಅರ್ಧ ಅಡಿ ಹರಳು ಸುರಿದು ಒಳಪೈಪು ನಡುವಿಗೆ ಇಳಿಸಿ. ಈಗ ಸೀಳು ಹದಿನೈದೂವರೆಯಿಂದ ಇಪ್ಪತ್ತೊಂದೂವರೆ ಅಡಿಯ ನಡುವೆ ನಿಂತಿದೆ, ಹೊರಪೈಪು ಅದನ್ನು ಮುಚ್ಚಿದೆ. ಎರಡು ಪೈಪಿನ ಸಂದಿಗೆ ಹರಳನ್ನು ನೀರಿನೊಡನೆ ಸಣ್ಣಗೆ ಹೊಯ್ಯುತ್ತಾ, ಜಾಕಿಯಿಂದ ಹೊರಪೈಪನ್ನು ಒಂದೊಂದೇ ಅಡಿ ಮೇಲೆತ್ತಿ. ಹೊರಪೈಪಿನ ಬಾಯಿಯೊಳಗೆ ಎರಡು ಅಡಿ ಹರಳು ಯಾವಾಗಲೂ ಇರಲಿ, ಇಲ್ಲದಿದ್ದರೆ ರೇತಿಯೇ ಮೊದಲು ಬಂದು ಸೀಳಿಗೆ ಕೂರುತ್ತದೆ. ಹೆಚ್ಚು ಸುರಿದರೆ ಸಂದಿಯಲ್ಲಿ ಹರಳು ಬೆಣೆಯಂತೆ ಕಚ್ಚಿ ಒಳಪೈಪೂ ಜೊತೆಗೆ ಏಳುತ್ತದೆ. ಒಳಪೈಪಿಗೆ ಬಣ್ಣದ ಗುರುತು ಹಾಕಿ ಅದರ ಮೇಲೆ ಕಣ್ಣಿಡಿ, ಏಳತೊಡಗಿದರೆ ನಿಲ್ಲಿಸಿ ಹೊರಪೈಪು ತಟ್ಟಿ, ನೀರು ಬಿಟ್ಟು ಹರಳು ಕುಸಿಸಿ. ಎಂಟು ಅಡಿ ಎತ್ತಿದಾಗ ಹೊರಪೈಪಿನ ತುದಿ ಸೀಳಿನ ಮೇಲೆ, ಹದಿನೈದು ಅಡಿಗೆ ನಿಲ್ಲುತ್ತದೆ. ಮೇಲೆ ಉಳಿದದ್ದನ್ನು ಕತ್ತರಿಸಿ. ಸಂದಿಗೆ ಒಂದಿಷ್ಟು ರೇತಿ, ಅದರ ಮೇಲೆ ನೆಲದವರೆಗೆ ಜೇಡಿಮಣ್ಣು, ಹೊರಪೈಪಿನ ಸುತ್ತ ಮೇಲಿನ ಐದು ಅಡಿಗೆ ಸಿಮೆಂಟು ಗಾರೆ. ನಾಲ್ಕಡಿ ಅಗಲದ ಇಳಿಜಾರು ಕಟ್ಟೆ. ಬಚ್ಚಲು ನೀರು, ಮಳೆನೀರು ಪೈಪಿನ ಬೆನ್ನು ಹಿಡಿದು ಇಳಿಯುವುದನ್ನು ತಡೆಯುವುದು ಈ ಗಾರೆಯೇ. ಖರ್ಚು ಉಳಿಸಲು ಇದನ್ನು ಬಿಡುವುದು ನೀರನ್ನೇ ಕೆಡಿಸಿಕೊಂಡ ಹಾಗೆ.

ಮೊದಲ ದಿನ ನೀರು ಗದಡು. ಒಂದು ಸರಳಿಗೆ ಪೈಪಿನ ಒಳ ಅಳತೆಯ ರಬ್ಬರು ಬಿಲ್ಲೆ ಕಟ್ಟಿ, ನೀರಿನೊಳಗೆ ಮೂವತ್ತು ಸಲ ಮೇಲೆ ಕೆಳಗೆ ಆಡಿಸಿ, ಕೊಳವೆಯಿಂದ ಅಲ್ಲ, ಸಣ್ಣ ಡಬ್ಬಿಯಿಂದಲೋ ಪಂಪಿನಿಂದಲೋ ಕೆಸರು ತೆಗೆಯಿರಿ, ಜಿಐ ಕೊಳವೆ ಸೀಳನ್ನು ಒಡೆಯಬಹುದು. ಎರಡರಿಂದ ನಾಲ್ಕು ಗಂಟೆ ಹೀಗೆ ಮಾಡಬೇಕಾದೀತು. ಬಿಳಿ ಬಕೆಟ್ಟಿನಲ್ಲಿ 20 ಲೀಟರ್ ಹಿಡಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಕಾಲು ಚಮಚಕ್ಕಿಂತ ಹೆಚ್ಚು ರೇತಿ ಕಂಡರೆ ಇನ್ನೂ ಆಡಿಸುವುದಿದೆ.

ಆಮೇಲೆ 20 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿಗೆ ಕದಡಿ, ತಿಳಿಯನ್ನು ಬಾವಿಗೆ ಹೊಯ್ದು ರಾತ್ರಿಯಿಡೀ ಬಿಟ್ಟು, ಮರುದಿನ ವಾಸನೆ ಹೋಗುವವರೆಗೆ ಎತ್ತಿ ಚೆಲ್ಲಿ. ಕುಡಿಯುವ ಮೊದಲು ಒಮ್ಮೆ ಪ್ರಯೋಗಾಲಯಕ್ಕೆ ಕೊಡಿ. ಭಾರತೀಯ ಮಾನಕ 10500ರ ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ ಒಳಗಿರಬೇಕು, 100 ಮಿಲಿಲೀಟರಿನಲ್ಲಿ ಇ ಕೋಲಿ ಒಂದೂ ಇರಬಾರದು. ಕಬ್ಬಿಣದ ಅಂಶ ಮನೆಯಲ್ಲೇ ತಿಳಿಯುತ್ತದೆ: ಪೇರಲ ಎಲೆ ಜಜ್ಜಿ ಲೋಟದ ನೀರಿಗೆ ಹಾಕಿದರೆ ಕಬ್ಬಿಣವಿದ್ದ ನೀರು ಕಪ್ಪಿಡುತ್ತದೆ.

ಪಂಪು ಅರ್ಧ ಎಚ್‌ಪಿ ಮೊನೊಬ್ಲಾಕ್ ಧಾರಾಳ. ಮೇಲಿಂದ ಹೀರುವ ಪಂಪಿಗೆ 22, 23 ಅಡಿಯೇ ಮಿತಿ, ನಮ್ಮ ನೀರು ಹತ್ತಡಿಯಲ್ಲಿದೆ. ಹೀರುವ ಪೈಪಿನ ತುದಿಯ ಫುಟ್‌ವಾಲ್ ಹದಿನಾಲ್ಕು ಅಡಿಗೆ ನಿಲ್ಲಲಿ, ಸೀಳಿನ ಮೇಲೆಯೇ. ಇಂಥ ಪಂಪು ಬಿಟ್ಟರೆ ನಿಮಿಷಕ್ಕೆ 30, 40 ಲೀಟರ್ ಎಳೆಯುತ್ತದೆ. ಅದನ್ನು 20ಕ್ಕೆ ತರಲು ನೀರು ಹೊರಬರುವ ಬದಿಯಲ್ಲಿ ಗೇಟ್‌ವಾಲ್ ಹಾಕಿ. ಹೀರುವ ಬದಿಯನ್ನು ಬಿಗಿದರೆ ಪಂಪು ಗಾಳಿ ಹಿಡಿದು ಕೆಡುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಐವರ ಮನೆಗೆ 675 ಲೀಟರ್, ಅಂದರೆ ಮೂವತ್ತೈದು ನಿಮಿಷ. ಅದನ್ನೂ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿ. ತೆಂಗಿಗೆ ಬಿಡುವುದಾದರೆ ಇನ್ನೊಂದು ಹೊತ್ತು ಮಾಡಿ, ವಾಲ್ ಮಾತ್ರ ಹೆಚ್ಚು ತೆರೆಯಬೇಡಿ.

ದಾರಕ್ಕೆ ಒಂದು ಬೋಲ್ಟ್ ಕಟ್ಟಿ ಪೈಪಿಗೆ ಬಿಟ್ಟರೆ ನೀರು ಮುಟ್ಟಿದಾಗ ತಟ್ಟನೆ ಸದ್ದಾಗುತ್ತದೆ. ಪಂಪು ಹಾಕುವ ಮೊದಲು, ನಿಲ್ಲಿಸುವ ಮೊದಲು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಫೆಬ್ರವರಿಯಿಂದ ಜೂನ್‌ವರೆಗೆ ವಾರಕ್ಕೊಮ್ಮೆ ಟಿಡಿಎಸ್ಸನ್ನೂ. ಪಂಪು ಹಾಕುವ ಮೊದಲಿನ ನೀರಿನ ಮಟ್ಟ ಹಳೆಯದೇ ಇದ್ದು, ಎಳೆತ, ಅಂದರೆ ಪಂಪು ನಡೆದಾಗ ಮಟ್ಟ ಇಳಿಯುವ ಅಳತೆ, ಮಾತ್ರ ಹೆಚ್ಚುತ್ತಾ ಹೋದರೆ ಸೀಳು ಕಟ್ಟಿದೆ, ರಬ್ಬರು ಬಿಲ್ಲೆ ಮತ್ತೆ ಆಡಿಸಿ. ಟಿಡಿಎಸ್ ವಾರದಿಂದ ವಾರಕ್ಕೆ ಏರುತ್ತಿದ್ದರೆ ಪಂಪಿನ ಹೊತ್ತನ್ನು ಅರ್ಧಕ್ಕಿಳಿಸಿ, ತೆಂಗಿಗೆ ಬಿಡುವುದನ್ನು ನಿಲ್ಲಿಸಿ, ಮಳೆ ಕಾಯಿರಿ. ಪೈಪು ಆಳಕ್ಕಿಳಿಸಲು ಹೋಗಬೇಡಿ. ಎರಡು ಮಳೆಗಾಲ ಕಳೆದೂ ಉಪ್ಪು ಬಿಡದ ಬಾವಿಯನ್ನು ಹಾಗೇ ಬಾಯಿ ತೆರೆದು ಬಿಡದೆ, ಪಂಪು ಕಳಚಿ, ತಳದಿಂದ ನೆಲದವರೆಗೆ ಜೇಡಿಮಣ್ಣು ತುಂಬಿ ಮುಚ್ಚಿ. ಆ ಪೈಪಿನೊಳಗೆ ಬಿದ್ದ ಹೊಲಸು ಸುತ್ತಲಿನ ಮನೆಗಳ ಬಾವಿಗೂ ಇಳಿಯುತ್ತದೆ.